ಎಲ್ಲರೂ ನಕ್ಕ ಗಳಿಗೆ

"ಎಲ್ಲಿದೀರ್ರೀ ಹೆಡ್ಡು?"

"ಇಲ್ಲೇ ಇದೀನಿ ಮೇಡಂ. ಮೂಲೆ ಕುರ್ಚಿ ಹಿಂದೆ. ಕೈ ಬೇರೆ ಆಡಿಸ್ತಿದೀನಿ."

ಇನ್ಸ್‌ಪೆಕ್ಟರಮ್ಮನಿಗೆ ಕೈಯೂ ಕಾಣಲಿಲ್ಲ, ಹೆಡ್ ಕಾನ್ಸ್‌ಟೇಬಲ್ಲೂ ಕಾಣಲಿಲ್ಲ. ರಂಗದ ನಟ್ಟನಡುವೆ ನಿಂತಿದ್ದ ಅವರ ಮುಖದ ಮೇಲೆ ಬಿಳಿ ಬೆಳಕು ಧಾರಾಳವಾಗಿ ಸುರಿಯುತ್ತಿತ್ತು. ಅದರಾಚೆಗಿದ್ದದ್ದು ಗೋಡೆ ಕಟ್ಟಿದಂಥ ಕತ್ತಲು. ಹೆಡ್ ಕಾನ್ಸ್‌ಟೇಬಲ್ಲರಂಥ ಗಾತ್ರದ ಆಳೇ ಅದರಲ್ಲಿ ಅಳಿಸಿಹೋಗಿದ್ದರು.

"ಸರಿ. ಈಗ ದೀಪದ ದೃಶ್ಯದ ಬೆಳಕು ಕೊಡಪ್ಪಾ," ಎಂದು ಇನ್ಸ್‌ಪೆಕ್ಟರಮ್ಮ ಅಟ್ಟದ ಕಡೆ ಕೂಗಿದರು.

ಮೇಲೆ ಎಲ್ಲೋ ಒಂದು ಗುಂಡಿ ಟಕ್ ಎಂದಿತು. ಬಿಳಿ ಬೆಳಕು ಇಳಿಯಿತು. ಮೇಜಿನ ಮೇಲಿದ್ದ ಪುಟ್ಟ ದೀಪ ಒಂದೇ ಉಳಿಯಿತು. ಕಣ್ಣು ಒಗ್ಗುತ್ತಿದ್ದಂತೆ ಎದುರಿನ ಕತ್ತಲು ಹಾಲಿನ ಕೆನೆಯ ಹಾಗೆ ಬದಿಗೆ ಸರಿಯಿತು. ಮೊದಲು ಮುಂದಿನ ಕುರ್ಚಿಗಳು ಕಂಡವು, ಆಮೇಲೆ ನಡುವಿನವು, ಕೊನೆಗೆ ಹಿಂದಿನ ಸಾಲು. ಅಲ್ಲಿ ಹೆಡ್ ಕಾನ್ಸ್‌ಟೇಬಲ್ ಒಂದು ಕೈ ಎತ್ತಿಕೊಂಡು ನಿಂತಿದ್ದರು. ಇನ್ನೊಂದು ಕೈಯಲ್ಲಿ ಅರ್ಧ ತಿಂದ ಬನ್ನಿತ್ತು.

"ಬನ್ನು ಎಲ್ಲಿ ಸಿಕ್ತು?"

ಬನ್ನಿನ ಕೈ ತಟ್ಟನೆ ಬೆನ್ನ ಹಿಂದೆ ಹೋಯಿತು. "ಅಷ್ಟು ಕಾಣುತ್ತಾ ಮೇಡಂ?"

"ಮೀಸೆ ಮೇಲಿರೋ ಚೂರೂ ಕಾಣ್ತಿದೆ."

ಬುಧವಾರದ ಆಟ ಮುಗಿದು ಎಲ್ಲರೂ ಆಫೀಸಿಗೆ ಓಡಿದ ಮೇಲೂ ಆ ಮೂಲೆ ಕುರ್ಚಿಯಲ್ಲಿ ಕೂತೇ ಉಳಿದವರು ಕನ್ನಡಕದಂಗಡಿಯ ಯಜಮಾನರು. ಅವರ ಕತ್ತಿನ ಹಿಂದೆ ಕಾಲರ್ ಮುಚ್ಚುವ ಜಾಗದಲ್ಲಿ ವಿಷದ ಸೂಜಿ ಚುಚ್ಚಿದ ಗುರುತಿದೆ ಎಂದು ಡಾಕ್ಟರು ಹೇಳಿದ್ದರು.

ಇದೊಂದು ವಿಚಿತ್ರ ಪ್ರಕರಣವಾಗಿತ್ತು. ಸಾಕ್ಷಿಗಳಿಗೆ ಬರವಿರಲಿಲ್ಲ. ಒಂದು ಹಾಲ್ ತುಂಬ ಜನ. ಆದರೆ ಅಷ್ಟೂ ಕಣ್ಣುಗಳು ಒಂದೇ ದಿಕ್ಕಿಗೆ, ಅಂದರೆ ಕೊಲೆಗೆ ಬೆನ್ನು ಮಾಡಿ ನೋಡುತ್ತಿದ್ದವು. ಹಳೇ ಗೋದಾಮಿನ ಮೇಲ್ಮಹಡಿಯ ಈ ಹಾಲಿಗೆ ಮಧ್ಯಾಹ್ನದ ಬಿಡುವಿನಲ್ಲಿ ಗುಮಾಸ್ತರು, ಟೈಪಿಸ್ಟುಗಳು, ಅಂಗಡಿ ಹುಡುಗಿಯರು ಬರುತ್ತಿದ್ದರು. ಟಿಕೆಟ್ಟಿನ ಜೊತೆ ಒಂದು ಬನ್ನು, ಕಾಗದದ ಲೋಟದಲ್ಲಿ ಟೀ. ತಿನ್ನುತ್ತ ನೋಡುವುದು, ನೋಡುತ್ತ ತಿನ್ನುವುದು. ವಾರಕ್ಕೊಂದು ಹೊಸ ನಾಟಕ, ಗಂಟೆಯೊಳಗೆ ಮುಗಿಯುವಂಥದ್ದು. ಮುಗಿದ ಮೇಲೆ ಚಪ್ಪಾಳೆ ತಟ್ಟುವುದಕ್ಕೂ ಪುರುಸೊತ್ತಿಲ್ಲದೆ ಮೆಟ್ಟಿಲಿಳಿಯುವ ಜನ. ಹಾಗೆ ಇಳಿಯುವಾಗ ಒಬ್ಬ ಮುದುಕ ತೂಕಡಿಸುತ್ತಿದ್ದಾನೆ ಎಂದುಕೊಂಡು ಅವರೆಲ್ಲ ಹೆಣದ ಪಕ್ಕದಲ್ಲೇ ಹಾದುಹೋಗಿದ್ದರು.

ಹಾಲಿನ ಕಡೆ ಮುಖ ಮಾಡಿದ್ದವರು ಇಬ್ಬರೇ. ರಂಗದ ಮೇಲಿನ ತಾಯಿ, ಮತ್ತು ಮಗ. ಮಗನ ಪಾತ್ರದವನು ದೀಪದ ದೃಶ್ಯದುದ್ದಕ್ಕೂ ಪ್ರೇಕ್ಷಕರಿಗೆ ಬೆನ್ನು ಹಾಕಿ ಕೂರುತ್ತಿದ್ದ. ಉಳಿದವರು ತಾಯಿ.

ಆ ತಾಯಿಯನ್ನು ತಂಡದವರೆಲ್ಲ ದೊಡ್ಡಮ್ಮ ಎನ್ನುತ್ತಿದ್ದರು. "ಬೆಳಕು ಕಣ್ಣಿಗೆ ಹೊಡೀತಿರುತ್ತಮ್ಮಾ, ನಮಗೆ ಎದುರಿಗಿರೋರು ಮನುಷ್ಯರೋ ಕುರ್ಚಿಗಳೋ ಗೊತ್ತಾಗಲ್ಲ," ಎಂದು ದೊಡ್ಡಮ್ಮ ಗುರುವಾರ ಹೇಳಿಕೆ ಕೊಟ್ಟಿದ್ದರು. ಹೇಳುವಾಗ ಮುಖದಲ್ಲಿ ಒಂದು ಗೆರೆಯೂ ಅಲುಗಿರಲಿಲ್ಲ.

ಇನ್ಸ್‌ಪೆಕ್ಟರಮ್ಮ ಮೇಜಿನ ದೀಪವನ್ನು ಆರಿಸಿ, ಹೊತ್ತಿಸಿ, ಮತ್ತೆ ಆರಿಸಿದರು. ಜೇಬುಗಳ್ಳರು ಸುಳ್ಳು ಹೇಳಿದರೆ ಗೊತ್ತಾಗುತ್ತದೆ. ಸುಳ್ಳನ್ನು ದಿನಾ ತಾಲೀಮು ಮಾಡುವವರ ಹತ್ತಿರ ಬೇರೆ ಉಪಾಯ ಬೇಕು.

*

ಮಗನ ಪಾತ್ರದವನು ಪಕ್ಕದ ಓಣಿಯಂಥ ಜಾಗದಲ್ಲಿ ಅಂಗಿಗೆ ಇಸ್ತ್ರಿ ಹಾಕುತ್ತ ನಿಂತಿದ್ದ. ಶನಿವಾರ, ಈ ನಾಟಕದ ಕೊನೇ ಆಟ. ಇನ್ನು ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆಯುವವರಿದ್ದರು. ಗುರುವಾರ ಒಂದು ದಿನ ಹಾಲ್ ಮುಚ್ಚಿಸಿ, ಶುಕ್ರವಾರದಿಂದ ಆಟ ಮುಂದುವರಿಸಿ ಎಂದವರು ಇನ್ಸ್‌ಪೆಕ್ಟರಮ್ಮನೇ. ಕೊಲೆಯಾದ ಹಾಲಿಗೆ ಯಾರು ಯಾರು ತಿರುಗಿ ಬರುತ್ತಾರೋ ನೋಡೋಣ ಎಂದು.

"ಸೂಜಿ ಚುಚ್ಚಿದ್ರೆ ಮನುಷ್ಯ 'ಅಯ್ಯೋ' ಅಂತಾನೆ," ಎಂದರು ಇನ್ಸ್‌ಪೆಕ್ಟರಮ್ಮ, ಪೀಠಿಕೆಯಿಲ್ಲದೆ.

"ಅಂತಾನೆ," ಎಂದ ಅವನು, ಇಸ್ತ್ರಿ ನಿಲ್ಲಿಸಿ.

"ಯಾರಿಗೂ ಕೇಳಿಸ್ಲಿಲ್ಲ. ನಿಮ್ಮ ನಾಟಕದಲ್ಲಿ ಗಲಾಟೆ ಆಗೋ ಜಾಗ ಎಲ್ಲಿದೆ?"

"ನಮ್ಮದು ಮೆತ್ತಗಿನ ನಾಟಕ ಮೇಡಂ. ಎರಡು ಕುರ್ಚಿ, ಒಂದು ದೀಪ. ತಾಯಿ-ಮಗ ಕತ್ತಲಲ್ಲಿ ಕೂತು ಮನೆ ಬಿಟ್ಟು ಹೋದ ಅಪ್ಪನ ಬಗ್ಗೆ ಮಾತಾಡ್ತಾರೆ. ಜನ ಬನ್ನು ಅಗಿಯೋದು ಕೂಡ ನಮಗೆ ಕೇಳಿಸುತ್ತೆ." ಅವನು ಸ್ವಲ್ಪ ಯೋಚಿಸಿದ. "ಒಂದೇ ಒಂದು ಕಡೆ ಜೋರು ನಗು ಬೀಳುತ್ತೆ. ದೀಪದ ದೃಶ್ಯದಲ್ಲಿ. 'ಅಪ್ಪ ನಿನ್ನ ಯಾವಾಗ ಬಿಟ್ಟು ಹೋದ್ರಮ್ಮಾ?' ಅಂತ ನಾನು ಕೇಳ್ತೀನಿ. 'ಬಿಟ್ಟು ಹೋಗೋಕೆ ಮೊದಲು ಮನೇಲಿ ಇರಬೇಕಲ್ಲಪ್ಪಾ' ಅಂತಾರೆ ದೊಡ್ಡಮ್ಮ. ಸೋಮವಾರ ಮೊದಲ ಆಟದಲ್ಲಿ ಜನ ಬಿದ್ದು ಬಿದ್ದು ನಕ್ಕರು. ಆಮೇಲೆ ದಿನಾ ಅದೇ."

ಇನ್ಸ್‌ಪೆಕ್ಟರಮ್ಮನಿಗೆ ನಗು ಬರಲಿಲ್ಲ. ಅವರ ಲೆಕ್ಕ ಬೇರೆ ಕಡೆ ಓಡುತ್ತಿತ್ತು. ಹಾಲ್ ತುಂಬ ಜನ ಒಟ್ಟಿಗೆ ನಗುವ ಆ ಗಳಿಗೆಯಲ್ಲಿ ಒಬ್ಬ ಮುದುಕನ 'ಅಯ್ಯೋ' ಮುಳುಗಿಹೋಗುತ್ತದೆ. ಆದರೆ ನಗು ಯಾವಾಗ ಬೀಳುತ್ತದೆ ಎಂದು ಮುಂಚೆಯೇ ಗೊತ್ತಿರಬೇಕಲ್ಲ. ವಾರದ ಹಿಂದೆ ಹುಟ್ಟಿದ ನಾಟಕ. ಅದು ಬಾಯಿಪಾಠ ಇರುವುದು ಆಡಿದವರಿಗೆ, ಬರೆದವಳಿಗೆ.

"ಬುಧವಾರ ಆ ನಗು ಆದ ಮೇಲೆ ಏನಾಯ್ತು?"

ಅವನು ಇಸ್ತ್ರಿಪೆಟ್ಟಿಗೆಯನ್ನು ಪಕ್ಕಕ್ಕಿಟ್ಟ. ಹೇಳಬೇಕೋ ಬೇಡವೋ ಎಂದು ತೂಗುವವನ ಹಾಗೆ ಅಂಗಿಯ ಕೊರಳಪಟ್ಟಿಯನ್ನು ಮಡಿಸಿದ, ಬಿಡಿಸಿದ.

"ದೊಡ್ಡಮ್ಮ ಒಂದು ಇಡೀ ಮಾತು ನುಂಗಿಬಿಟ್ರು ಮೇಡಂ. ಆ ನಗು ಆದ ತಕ್ಷಣ ಅವರದೊಂದು ಉದ್ದನೆ ಮಾತಿದೆ. ಗಂಡ ಹೋದ ದಿನ ಏನೇನು ಮಾಡಿದೆ ಅನ್ನೋದು. ಅವತ್ತು ಬಾಯಿ ತೆರೆದೋರು ಹಾಗೇ ನಿಂತರು. ಆಮೇಲೆ ಏಕ್‌ದಂ ಕೊನೇ ಮಾತಿಗೆ ಹಾರಿದ್ರು. ಹೇಗೋ ದಡ ಸೇರಿಸ್ದೆ."

"ಅವರು ಹೀಗೆ ಮರೆಯೋದುಂಟಾ?"

"ದೊಡ್ಡಮ್ಮನಾ?" ಅವನು ನಕ್ಕ. "ಜ್ವರದಲ್ಲಿ ಕಣ್ಣು ಕತ್ತಲೆ ಬಂದಾಗಲೂ ಒಂದು ಅಕ್ಷರ ಬಿಟ್ಟವರಲ್ಲ. ನಾನು ಮರೆತರೆ ನನ್ನ ಮಾತನ್ನೂ ಅವರೇ ಹೇಳ್ತಾರೆ."

*

ಬಣ್ಣದ ಕೋಣೆ ಎಂದರೆ ಒಂದು ಕನ್ನಡಿ, ಒಂದು ಬೆಂಚು, ಗೋಡೆಗೆ ಹೊಡೆದ ಮೊಳೆಗಳು. ದೊಡ್ಡಮ್ಮ ಕನ್ನಡಿ ಮುಂದೆ ಕೂತು ಕೂದಲಿಗೆ ಬಿಳಿ ಪುಡಿ ಹಚ್ಚಿಕೊಳ್ಳುತ್ತಿದ್ದರು. ಅವರ ಕೂದಲು ಈಗಾಗಲೇ ಬೆಳ್ಳಗಿತ್ತು.

"ನನ್ನ ನರೆ ಸಾಲದಂತೆ," ಎಂದರು ಅವರು ಕನ್ನಡಿಯಲ್ಲೇ ಇನ್ಸ್‌ಪೆಕ್ಟರಮ್ಮನನ್ನು ನೋಡಿ. "ಬೆಳಕಿಗೆ ಕಪ್ಪಾಗಿ ಕಾಣುತ್ತಂತೆ. ಕೂತ್ಕೊಳ್ಳಮ್ಮಾ. ಊಟ ಆಯ್ತಾ?"

"ಇಲ್ಲ. ಡಬ್ಬಿ ಜೀಪಲ್ಲಿದೆ."

"ಹಸಿದ ಹೊಟ್ಟೇಲಿ ಕೆಲಸ ಮಾಡಬಾರದು."

"ದೊಡ್ಡಮ್ಮಾ, ಬುಧವಾರ ನೀವು ಮಾತು ಮರೆತ್ರಂತೆ."

ಪುಡಿ ಹಚ್ಚುವ ಕೈ ನಿಲ್ಲಲಿಲ್ಲ. "ವಯಸ್ಸಾಯ್ತು."

"ಅದಕ್ಕೆ ಮುಂಚೆ ಮರೆತಿರಲಿಲ್ಲ. ನಿನ್ನೆಯೂ ಮರೀಲಿಲ್ಲ. ಅದೊಂದು ದಿನ ಮಾತ್ರ ವಯಸ್ಸಾಯ್ತಾ?"

"ವಯಸ್ಸು ಹೇಳಿ ಕೇಳಿ ಬರುತ್ತೇನಮ್ಮಾ?"

ಎಷ್ಟು ಸಲೀಸಾಗಿ ಬಂತೆಂದರೆ ಬೇರೆ ಯಾರಾದರೂ ನಕ್ಕು ಸುಮ್ಮನಾಗುತ್ತಿದ್ದರು. ಇನ್ಸ್‌ಪೆಕ್ಟರಮ್ಮ ಬೆಂಚನ್ನು ಹತ್ತಿರಕ್ಕೆ ಎಳೆದುಕೊಂಡರು.

"ಬೆಳಕು ಕಣ್ಣಿಗೆ ಹೊಡೆಯುತ್ತೆ, ಏನೂ ಕಾಣಲ್ಲ ಅಂದ್ರಿ. ನಾನೀಗ ಅಲ್ಲೇ ನಿಂತು ಬಂದೆ. ನಿಜ, ಕಾಣಲ್ಲ. ಆದರೆ ದೀಪದ ದೃಶ್ಯದಲ್ಲಿ ಎಲ್ಲಾ ಕಾಣುತ್ತೆ. ನಮ್ಮ ಹೆಡ್ಡು ಮೀಸೆ ಮೇಲಿನ ಬನ್ನಿನ ಚೂರೂ ಕಾಣುತ್ತೆ. ಮಗನ ಪಾತ್ರದವನು ಬೆನ್ನು ಹಾಕಿರ್ತಾನೆ. ಆ ಹೊತ್ತಲ್ಲಿ ಮೂಲೆ ಕುರ್ಚಿ ನೋಡೋಕೆ ಆಗ್ತಿದ್ದವರು ಇಡೀ ಹಾಲಲ್ಲಿ ನೀವೊಬ್ರೇ."

ದೊಡ್ಡಮ್ಮ ಪುಡಿಯ ಡಬ್ಬಿಗೆ ಮುಚ್ಚಳ ಹಾಕಿದರು.

"ನೋಡಿದ್ರಿ. ನೋಡಿದ್ದಕ್ಕೇ ಮಾತು ನಿಂತುಹೋಯ್ತು. ಗುರುತಿಲ್ಲದವರನ್ನ ನೋಡಿದ್ರೆ ನಿಲ್ತಿರಲಿಲ್ಲ. ಗುರುತಿಲ್ಲದವರಾಗಿದ್ರೆ ನನ್ನ ಹತ್ರ ಮುಚ್ಚಿಡ್ತಲೂ ಇರಲಿಲ್ಲ."

ಹೊರಗೆ ಮೆಟ್ಟಿಲ ಮೇಲೆ ಮೊದಲ ಹೆಜ್ಜೆಗಳು ಕೇಳಿಸತೊಡಗಿದವು. ಯಾರೋ ಟೀಗೆ ಸಕ್ಕರೆ ಕಮ್ಮಿ ಎಂದು ತಕರಾರು ತೆಗೆದಿದ್ದರು.

"ನಿಮಗೆ ಮಕ್ಕಳಿದಾರಾ?" ದೊಡ್ಡಮ್ಮ ಕೇಳಿದರು.

"ಒಬ್ಬಳು."

"ನನಗೂ ಒಬ್ಬನೇ ಇದ್ದ. ದೋಣಿ ಮಗುಚಿ ಹೋದ. ಹೆಣವೂ ಸಿಗಲಿಲ್ಲ." ದನಿಯಲ್ಲಿ ಏರಿಳಿತವೇ ಇರಲಿಲ್ಲ, ಹವಾಮಾನ ಹೇಳುವವರ ಹಾಗೆ. "ಅವತ್ತು ನಮ್ಮ ಸೊಸೇನ ತವರಿಗೆ ಹೋಗಮ್ಮಾ, ಇನ್ನೂ ವಯಸ್ಸಿದೆ ಅಂದೆ. ಹೋಗಲಿಲ್ಲ. 'ನೀವೊಬ್ರೇ ಮಾತು ಒಪ್ಪಿಸಿಕೊಳ್ತಾ ಕೂತಿದ್ರೆ ಎದುರುಮಾತು ಯಾರು ಹೇಳ್ತಾರೆ ಅತ್ತೇ' ಅಂದಳು. ಅಡುಗೆಮನೇಲಿ ನಾನು ಒಗ್ಗರಣೆ ಹಾಕ್ತಾ ಪಾತ್ರ ಹೇಳೋದು, ಅವಳು ಈರುಳ್ಳಿ ಹೆಚ್ಚುತ್ತಾ ಎದುರುಮಾತು ಹೇಳೋದು. ಹಾಗೆ ಹೇಳ್ತಾ ಹೇಳ್ತಾ ಅವಳೇ ನಾಟಕ ಬರೆಯೋಕೆ ಶುರು ಮಾಡಿದ್ಲು. ಇದು ಅವಳದೇ. ಅತ್ತೆ-ಸೊಸೆ ಅಂದ್ರೆ ಜುಟ್ಟು ಹಿಡ್ಕೊಂಡಿರ್ತಾರೆ ಅಂತ ಜನ ತಿಳ್ಕೊಂಡಿದಾರೆ. ನನಗೆ ಹೆಣ್ಣು ಮಗು ಇದ್ದಿದ್ರೂ ಇಷ್ಟು ಹಚ್ಚಿಕೊಳ್ತಿದ್ದೆನೋ ಇಲ್ಲವೋ."

ಇನ್ಸ್‌ಪೆಕ್ಟರಮ್ಮನಿಗೆ ಉತ್ತರ ಆಗಲೇ ಬಂದಾಗಿತ್ತು.

"ಅವಳ ಹೇಳಿಕೆ ನಿಮ್ಮ ಹತ್ರ ಇರುತ್ತೆ," ಎಂದರು ದೊಡ್ಡಮ್ಮ.

"ಇದೆ. ತನ್ನ ನಾಟಕ ತಾನು ನೋಡಲ್ಲ, ಹೆದರಿಕೆ ಆಗುತ್ತೆ, ಆಟ ಮುಗಿಯೋ ತನಕ ಬೀದಿ ಸುತ್ತುತಾ ಇದ್ದೆ ಅಂತ."

"ಬೀದೀಲಿರಲಿಲ್ಲ." ದೊಡ್ಡಮ್ಮ ಕನ್ನಡಿಯಿಂದ ಕಣ್ಣು ತೆಗೆದು ಮೊದಲ ಸಲ ನೇರವಾಗಿ ನೋಡಿದರು. "ಮೂಲೆ ಕುರ್ಚಿ ಹಿಂದೆ ನಿಂತಿದ್ದಳು. ಅವರ ಭುಜದ ಮೇಲೆ ಕೈ ಇಟ್ಟು ಬಗ್ಗಿದ್ದಳು. ಜನ ನಗ್ತಾ ಇದ್ರು. ನನಗೆ ಮಾತು ಹೋಯ್ತು. ಆದ್ರೂ ಹೇಳ್ತೀನಿ ಕೇಳಿ. ನಾನು ನೋಡಿದ್ದು ನಿಜ. ನೀವು ಅಂದುಕೊಳ್ತಿರೋದು ಸುಳ್ಳು."

"ಅದನ್ನ ಅವಳೇ ಹೇಳಲಿ."

"ಹೇಳ್ತೀನಿ," ಎಂದಿತು ಬಾಗಿಲ ಕಡೆಯ ದನಿ.

ಸೊಸೆ ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದಳೋ. ಕೈಯಲ್ಲಿ ಅತ್ತೆಗೆಂದು ತಂದ ಬಿಸಿನೀರಿನ ಲೋಟವಿತ್ತು. ಅದನ್ನು ಕನ್ನಡಿಯ ಮುಂದೆ ಇಟ್ಟು, ಕೈ ಒರೆಸಿಕೊಂಡು, ಗೋಡೆಗೆ ಒರಗಿ ನಿಂತಳು. ಓಡುವವರ ಲಕ್ಷಣವೇನೂ ಕಾಣಲಿಲ್ಲ.

"ಮಂಗಳವಾರ ಸಂಜೆ ಅವರು ಫೋನ್ ಮಾಡಿದ್ರು. ಕನ್ನಡಕದಂಗಡಿಯವರು. ನಮ್ಮನೆಯವರಿಗೆಲ್ಲ ಕನ್ನಡಕ ಮಾಡಿಕೊಟ್ಟವರು ಅವರೇ. 'ನಿನ್ನ ಹತ್ರ ಒಂದು ವಿಷಯ ಹೇಳ್ಬೇಕಮ್ಮಾ, ಫೋನಲ್ಲಾಗಲ್ಲ, ನಾಳೆ ಆಟ ಮುಗಿದ ಮೇಲೆ ಸಿಗು' ಅಂದ್ರು. ದನಿ ನಡುಗ್ತಿತ್ತು. ನನಗೆ ತಡೆಯೋಕಾಗಲಿಲ್ಲ. ಹಿಂಬಾಗಿಲಿಂದ ಒಳಗೆ ಬಂದೆ. ಎಲ್ಲರೂ ನಗ್ತಾ ಇದ್ರು."

"ಆಗ ಅವರು?"

"ಕತ್ತು ಉಜ್ಜಿಕೊಳ್ತಿದ್ರು. ನಾನು ಭುಜ ಮುಟ್ಟಿದೆ. 'ಏನೋ ಕಚ್ಚಿತಮ್ಮಾ' ಅಂದ್ರು."

ಇನ್ಸ್‌ಪೆಕ್ಟರಮ್ಮ ಬೆಂಚಿನ ಅಂಚಿಗೆ ಸರಿದರು. ಹಾಗಾದರೆ ಸೂಜಿ ಆಗಲೇ ಇಳಿದಾಗಿತ್ತು. ಅದು ಇಳಿದಿದ್ದು ಇವಳು ಬಾಗಿಲು ದಾಟುವ ಹೊತ್ತಿಗೆ, ನಗುವಿನ ಮೊದಲ ಅಲೆಯಲ್ಲಿ. ಇವಳ ಮಾತು ನಿಜವಾದರೆ.

"ಹಿಂದೆ ಯಾರಿದ್ರು?"

"ಗೋಡೆ ಪಕ್ಕ ನಿಂತು ನೋಡೋರು ನಾಲ್ಕಾರು ಜನ ಇದ್ರು. ಹೊರಗಿನ ಬಿಸಿಲಿಂದ ಬಂದ ಕಣ್ಣು, ಮುಖ ಗುರುತಾಗಲಿಲ್ಲ. ನನಗೆ ಬೇಕಾಗಿಯೂ ಇರಲಿಲ್ಲ."

"ವಿಷಯ ಏನಂತೆ?"

ಸೊಸೆ ಅತ್ತೆಯ ಕಡೆ ನೋಡಿದಳು. ಆಮೇಲೆ ನೆಲ ನೋಡಿದಳು. ಇಷ್ಟು ಹೊತ್ತು ತಡೆದಿದ್ದ ಉಸಿರು ಅವಳ ಭುಜಗಳನ್ನು ಕೆಳಗಿಳಿಸಿತು.

"ನನ್ನ ಮಣಿಕಟ್ಟು ಹಿಡ್ಕೊಂಡು ಹತ್ರ ಎಳೆದ್ರು. 'ನಿನ್ನ ಗಂಡ ಬದುಕಿದಾನೆ' ಅಂದ್ರು. 'ಹೋದ ವಾರ ನನ್ನಂಗಡಿಗೆ ಬಂದಿದ್ದ. ಹೆಸರು ಬೇರೆ ಹೇಳ್ದ. ಕಣ್ಣು ಪರೀಕ್ಷೆಗೆ ಕೂರಿಸಿದೆ. ಮುಖ ಮರೆಸಬಹುದಮ್ಮಾ, ನಾನು ನೋಡಿದ ಕಣ್ಣನ್ನ ನನ್ನಿಂದ ಮರೆಸೋಕಾಗಲ್ಲ. ಗುರುತು ಹಿಡಿದೆ ಅಂತ ಬಾಯಿ ತಪ್ಪಿ ಅವನಿಗೇ ಹೇಳಿಬಿಟ್ಟೆ.' ಅಷ್ಟೇ. ಕೈ ಸಡಿಲ ಆಯ್ತು, ತಲೆ ವಾಲಿತು. ಭಾವುಕರಾಗಿದಾರೆ ಅಂದ್ಕೊಂಡೆ. ನನ್ನ ಕಾಲೇ ನೆಲದ ಮೇಲಿರಲಿಲ್ಲ. ಓಡಿಹೋಗಿ ಬೀದೀಲಿ ನಿಂತೆ."

ಲೋಟದಿಂದ ಏಳುತ್ತಿದ್ದ ಹಬೆ ಕನ್ನಡಿಯ ಕೆಳಭಾಗವನ್ನು ಮಸುಕು ಮಾಡಿತ್ತು.

"ಇದನ್ನ ಮೂರು ದಿನ ಹೊಟ್ಟೇಲಿಟ್ಕೊಂಡಿದ್ದೀಯ," ಎಂದರು ಇನ್ಸ್‌ಪೆಕ್ಟರಮ್ಮ.

"ಏನಂತ ಹೇಳ್ಲಿ? ನಿಮಗೆ ಹೇಳಿದ್ರೆ ಮೊದಲ ಅನುಮಾನ ನನ್ನ ಗಂಡನ ಮೇಲೇ. ಅತ್ತೆಗೆ ಹೇಳಿದ್ರೆ..." ಅವಳು ಬಿಸಿನೀರಿನ ಲೋಟವನ್ನು ಅತ್ತೆಯ ಕಡೆ ಸರಿಸಿದಳು. "ಸುಳ್ಳಾಗಿಬಿಟ್ಟರೆ ಅವರು ಎರಡನೇ ಸಲ ಮಗನ್ನ ಕಳ್ಕೊಳ್ತಾರೆ. ನಿಜ ಆದ್ರೆ, ಎಂಥ ಮಗನ್ನ ಪಡ್ಕೊಳ್ತಾರೆ?"

ಇನ್ಸ್‌ಪೆಕ್ಟರಮ್ಮನ ತಲೆಯೊಳಗೆ ಸ್ವಲ್ಪ ಹೊತ್ತಿನ ಹಿಂದಷ್ಟೇ ಭದ್ರವಾಗಿ ಕಟ್ಟಿಕೊಂಡಿದ್ದ ಒಂದು ಗಂಟು ಬಿಚ್ಚಿಕೊಂಡಿತು. ನಗು ಎಲ್ಲಿ ಬೀಳುತ್ತದೆಂದು ತಿಳಿಯಲು ನಾಟಕ ಬರೆದಿರಬೇಕಿಲ್ಲ, ಆಡಿರಬೇಕಿಲ್ಲ. ಒಂದು ಸಲ ಟಿಕೆಟ್ ಕೊಂಡು ನೋಡಿದ್ದರೆ ಸಾಕು.

ಮೊದಲ ಗಂಟೆ ಬಾರಿಸಿತು. ಹೊರಗೆ ಕುರ್ಚಿಗಳು ತುಂಬುವ ಸದ್ದು.

ದೊಡ್ಡಮ್ಮ ಎದ್ದು ನಿಂತರು. ಸೀರೆಯ ನೆರಿಗೆ ಸರಿಮಾಡಿಕೊಂಡರು. ಸೊಸೆ ಹಿಡಿಯಲು ಬಂದಾಗ ಬೇಡವೆಂಬಂತೆ ಕೈ ಆಡಿಸಿ, ಅದೇ ಕೈಯಿಂದ ಅವಳ ಕೆನ್ನೆ ಸವರಿದರು. ಬಿಳಿ ಪುಡಿ ಅಂಟಿತು.

"ನೋಡೋಕೆ ಹೇಗಿದಾನಂತೆ?" ಎಂದರು. ಅವರು ಕೇಳಿದ್ದು ಅದೊಂದೇ.

"ಹೆಚ್ಚೇನೂ ಹೇಳಲಿಲ್ಲ ಅತ್ತೇ. ಗಡ್ಡ ಬಿಟ್ಟಿದಾನೆ ಅಂದ್ರು."

ದೊಡ್ಡಮ್ಮ ಬಾಗಿಲ ಚೌಕಟ್ಟು ಹಿಡಿದರು. ಬೀಳದಿರಲು ಹಿಡಿದರೋ, ಯೋಚಿಸಲು ಹಿಡಿದರೋ, ಇನ್ಸ್‌ಪೆಕ್ಟರಮ್ಮನಿಗೆ ತಿಳಿಯಲಿಲ್ಲ.

"ಎರಡನೇ ಸಾಲು," ಎಂದರು ಮೆಲ್ಲಗೆ. "ಬಲಗಡೆ ಕೊನೇ ಕುರ್ಚಿ. ಸೋಮವಾರ ಕೂತಿದ್ದ. ಮಂಗಳವಾರ ಕೂತಿದ್ದ. ತುಂಬು ಗಡ್ಡ. ಬನ್ನು ತೊಡೆ ಮೇಲಿಟ್ಕೊಂಡು ಒಂದು ತುತ್ತೂ ತಿನ್ನದೆ ನನ್ನನ್ನೇ ನೋಡ್ತಿದ್ದ. ನಾಟಕ ಅಂದ್ರೆ ಅಷ್ಟು ಪ್ರಾಣ ಇಟ್ಕೊಂಡೋನು ಯಾರಪ್ಪಾ ಅಂದ್ಕೊಂಡೆ. ಬುಧವಾರ ಆ ಕುರ್ಚಿ ಖಾಲಿ ಇತ್ತು."

"ನಿನ್ನೆ?"

"ನಿನ್ನೆ ಬಂದಿದ್ದ."

"ಇವತ್ತು?"

ಎರಡನೇ ಗಂಟೆ ಬಾರಿಸಿತು. ದೊಡ್ಡಮ್ಮ ಓಣಿಯಲ್ಲಿ ನಡೆದರು.

ಇನ್ಸ್‌ಪೆಕ್ಟರಮ್ಮ ಹಿಂದೆಯೇ ಧಾವಿಸಿ ಪರದೆಯ ಸಂದಿಗೆ ಕಣ್ಣಿಟ್ಟರು. ಹಾಲ್ ಭರ್ತಿಯಾಗಿತ್ತು. ಕಾಗದದ ಲೋಟಗಳು, ತೊಡೆಯ ಮೇಲಿನ ಬನ್ನುಗಳು, ಕೊನೇ ಗಳಿಗೆಯ ಹರಟೆ. ಎರಡನೇ ಸಾಲಿನ ಬಲತುದಿಯ ಕುರ್ಚಿಗೆ ಕಣ್ಣು ಮುಟ್ಟುವಷ್ಟರಲ್ಲಿ ಹಾಲಿನ ದೀಪಗಳು ಆರಿದವು.

"ಹೆಡ್ಡು," ಎಂದು ಅವರು ಪಿಸುಗುಟ್ಟಿದರು. "ಎರಡೂ ಬಾಗಿಲು. ಯಾರನ್ನೂ ಹೊರಗೆ ಬಿಡಬೇಡಿ. ಗಡ್ಡದವರನ್ನಂತೂ ಮೊದಲೇ ಬಿಡಬೇಡಿ."

ಹೆಡ್ ಕಾನ್ಸ್‌ಟೇಬಲ್ ತಮ್ಮ ಗಾತ್ರಕ್ಕೆ ಮೀರಿದ ಚುರುಕಿನಲ್ಲಿ ಮಾಯವಾದರು.

ರಂಗದ ಮೇಲೆ ಮಗನ ಪಾತ್ರದವನು ಆಗಲೇ ತನ್ನ ಕುರ್ಚಿಯಲ್ಲಿ ಕೂತಿದ್ದ. ದೊಡ್ಡಮ್ಮ ಬೆಳಕಿಗೆ ಬಂದರು. ನಾಟಕದ ಮೊದಲ ಮಾತು ಅವರದು. ಬಂದವರೇ ಮಗನಿಗೆ ಕಿಟಕಿ ಮುಚ್ಚು ಎನ್ನಬೇಕು. ಅಡುಗೆಮನೆಯಲ್ಲಿ ಎದುರುಮಾತು ಹೇಳಿ ಹೇಳಿ ಪಳಗಿದ್ದ ಸೊಸೆಯ ತುಟಿಗಳು ಆ ಮಾತಿಗೆ ತಾವೇ ಸಿದ್ಧವಾದವು.

ದೊಡ್ಡಮ್ಮ ಮಗನ ಪಾತ್ರದವನ ಕಡೆ ತಿರುಗಲಿಲ್ಲ. ರಂಗದ ಅಂಚಿನವರೆಗೂ ನಡೆದು, ಕಣ್ಣಿಗೆ ಹೊಡೆಯುವ ಬೆಳಕಿಗೆ ಅಂಗೈ ಅಡ್ಡ ಹಿಡಿದು, ಎದುರಿನ ಕತ್ತಲೆಯೊಳಗೆ ಬಗ್ಗಿ ನೋಡಿದರು.

"ಗುಬ್ಬೀ," ಎಂದು ಕರೆದರು. "ಹೊಟ್ಟೆಗೆ ಏನಾದ್ರೂ ತಿಂದ್ಯಾ ಕಂದಾ?"

ಸೊಸೆಯ ಬೆರಳುಗಳು ಇನ್ಸ್‌ಪೆಕ್ಟರಮ್ಮನ ತೋಳನ್ನು ಬಲವಾಗಿ ಹಿಡಿದವು. "ಇದು ನಾಟಕದಲ್ಲಿಲ್ಲ," ಎಂದಳು ಉಸಿರೊಳಗೇ. "ಅದು ನನ್ನ ಗಂಡನಿಗೆ ಅತ್ತೆ ಇಟ್ಟಿದ್ದ ಹೆಸರು. ಬೇರೆ ಯಾರೂ ಹಾಗೆ ಕರೀತಿರಲಿಲ್ಲ."

ಅಗಿಯುತ್ತಿದ್ದ ಬಾಯಿಗಳೆಲ್ಲ ನಿಂತುಹೋದವು.

ಆ ನಿಶ್ಶಬ್ದದಲ್ಲಿ ಒಂದು ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಾಯಿತು. ಯಾರೋ ಎದ್ದು ನಿಂತಿದ್ದರು. ಹೆಜ್ಜೆಗಳು ನಿಧಾನವಾಗಿ, ಅವಸರವೇನೂ ಇಲ್ಲದವರ ಹಾಗೆ ಹೊರಟವು. ಬಾಗಿಲ ಕಡೆಗಲ್ಲ, ರಂಗದ ಕಡೆಗೆ.